ಸ್ಪಷ್ಟನೆ: ಉತ್ತರ ಧ್ರುವದ ಸಮುದ್ರ ಸಿಹಿನೀರಾಗಿಲ್ಲ

ಹಿಮ ಕರಗಿ ಉತ್ತರ ಧ್ರುವದ ಸಮುದ್ರ ಕುಡಿಯೋ ನೀರಾಗ್ತಿದೆ ಅನ್ನೋ ಮೆಸೇಜ್ ವಿಜಯಪುರದ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಸುಳ್ಳು. ಬೋರ್‌ವೆಲ್‌ನ ಸವಳು ನೀರು ಕುಡಿದು ಬೇಸತ್ತವರಿಗೆ ಕೇಳೋಕೆ ಚೆಂದ, ಅಷ್ಟೇ.

ಸಮುದ್ರದ ನೀರು ಹೆಪ್ಪುಗಟ್ಟುವಾಗ ಉಪ್ಪನ್ನು ಬಹುಪಾಲು ಹೊರಗೆ ಬಿಡುತ್ತದೆ. ಹಲವು ಬೇಸಿಗೆ ದಾಟಿದ ಹಳೇ ಮಂಜುಗಡ್ಡೆಯನ್ನಂತೂ ಕರಗಿಸಿ ಕುಡಿಯಬಹುದು. ಮೆಸೇಜ್ ಹುಟ್ಟಿದ್ದು ಬಹುಶಃ ಇಲ್ಲಿಂದಲೇ. ಗಡ್ಡೆ ಕರಗಿದಾಗ ಮೇಲಿನ ಪದರದ ಉಪ್ಪು ಇಳಿಯುವುದೂ ನಿಜ. ಆದರೆ ನದೀಮುಖ ಬಿಟ್ಟರೆ ಹೆಚ್ಚಿನ ಕಡೆ ಲೀಟರಿಗೆ 25 ಗ್ರಾಂಗಿಂತ ಹೆಚ್ಚು ಉಪ್ಪು ಉಳಿದೇ ಇರುತ್ತದೆ. ಬಾಯಿಗಿಡಲಾಗದು.

ಇನ್ನೊಂದು ಮಾತು. ಸಿಹಿನೀರು ಗಡ್ಡೆಯಿಂದಷ್ಟೇ ಬರುವುದಿಲ್ಲ. ಜಗತ್ತಿನ ನದಿನೀರಿನ ಸುಮಾರು ಹತ್ತನೇ ಒಂದು ಪಾಲು ಓಬ್, ಯೆನಿಸೇಯ್, ಲೇನಾದಂಥ ನದಿಗಳ ಮೂಲಕ ಈ ಪುಟ್ಟ ಸಾಗರಕ್ಕೇ ಸೇರುತ್ತದೆ. ಈ ಸಿಹಿನೀರು ಅಟ್ಲಾಂಟಿಕ್‌ಗೆ ಜಾಸ್ತಿ ಹರಿದರೆ ಅಲ್ಲಿನ ಮೇಲಿನ ನೀರು ಹಗುರಾಗಿ, ಅದು ಕೆಳಗಿಳಿಯುವುದು ಕಡಿಮೆಯಾಗಬಹುದು. ವಿಜ್ಞಾನಿಗಳ ಚಿಂತೆ ಅದು.