ಸ್ಪಷ್ಟನೆ: ‘ದಾನ್ಸ್ ಮಕಾಬ್ರ್’ನ ಪಿಟೀಲು ಶ್ರುತಿ ತಪ್ಪಿದ್ದಲ್ಲ

ಫ್ರೆಂಚ್ ಸಂಗೀತಗಾರ ಸಾಂ-ಸಾನ್ಸ್ ಅವರ ‘ದಾನ್ಸ್ ಮಕಾಬ್ರ್’ (ಸಾವಿನ ಕುಣಿತ) ಎಂಬ ವಾದ್ಯವೃಂದ ಕೃತಿಯ ಶುರುವಿನಲ್ಲೇ ಪಿಟೀಲು ಶ್ರುತಿ ತಪ್ಪುತ್ತದೆ, ಇದಕ್ಕಾಗಿ ನಾಲ್ಕೂ ತಂತಿ ಇಳಿಸಿರುತ್ತಾರೆ ಎಂಬ ಮಾತು ಹರಿದಾಡುತ್ತಿದೆ. ಎರಡೂ ಸರಿಯಲ್ಲ.

1874ರ ಈ ಕೃತಿಯಲ್ಲಿ ಇಳಿಸುವುದು ಒಂದೇ ತಂತಿ: ಎಲ್ಲಕ್ಕಿಂತ ತೆಳುವಾದ ‘ಇ’, ಅದೂ ಅರ್ಧ ಸ್ವರ ಮಾತ್ರ. ಹಾರ್ಪ್ ಒಂದೇ ಸ್ವರವನ್ನು 12 ಸಲ ಮೀಟಿ ನಡುರಾತ್ರಿ ಸಾರಿದ ಮೇಲೆ, ವಾದಕರು ‘ಎ’ ತಂತಿಯನ್ನೂ ಇಳಿಸಿದ ತಂತಿಯನ್ನೂ ಬೆರಳಿಡದೆ ಒಟ್ಟಿಗೆ ನುಡಿಸುತ್ತಾರೆ. ‘ಎ’ಯನ್ನು ಷಡ್ಜ ಎಂದುಕೊಂಡರೆ, ಪಂಚಮ ಬರಬೇಕಾದ ಕಡೆ ಪ್ರತಿಮಧ್ಯಮ! ಸಾವೇ ಪಿಟೀಲು ಹಿಡಿದು ಅಸ್ಥಿಪಂಜರಗಳನ್ನು ಕುಣಿಸುವ ಘಳಿಗೆ ಅದು. ಆ ಕರ್ಕಶ ನಾದ ಬೇಕೆಂದೇ ಬರೆದದ್ದು, ಅದ್ಭುತವಾಗಿ ಬರೆದದ್ದು.

ಇದು ಕನ್ಚೆರ್ಟೊ (ಒಬ್ಬ ಮುಖ್ಯ ವಾದಕರನ್ನು ಮುಂದಿಟ್ಟು ವಾದ್ಯವೃಂದಕ್ಕೆ ಬರೆದ ಕೃತಿ) ಕೂಡ ಅಲ್ಲ. ಹಾಗಾಗಿ ಸೋಲೊ ಭಾಗವನ್ನು ಅತಿಥಿ ವಾದಕರೇ ನುಡಿಸಬೇಕೆಂದಿಲ್ಲ, ಸಾಮಾನ್ಯವಾಗಿ ವಾದ್ಯವೃಂದದ ಮೊದಲ ಪಿಟೀಲುವಾದಕರೇ ನುಡಿಸುತ್ತಾರೆ.

ನಿಜವಾದ ಅಪಶ್ರುತಿಯ ಅಪಾಯ ಬೇರೆ ಕಡೆ ಇದೆ. ಆಗಷ್ಟೇ ಸಡಿಲಿಸಿದ ತಂತಿ ಕುದುರೆಯ (ತಂತಿಗಳನ್ನು ಹೊತ್ತು ನಿಲ್ಲುವ ಮರದ ತುಂಡು) ಕಚ್ಚಿನಲ್ಲಿ ಸಿಕ್ಕಿಕೊಂಡು, ಕಮಾನು ತಾಗಿದಾಗ ಜಾರುತ್ತದೆ. ಆದ್ದರಿಂದ ಬೇಕಾದ ಸ್ವರಕ್ಕಿಂತ ತುಸು ಕೆಳಗಿಳಿಸಿ, ಮತ್ತೆ ಮೇಲಕ್ಕೆ ತಂದು ನಿಲ್ಲಿಸಬೇಕು. ಫೈನ್ ಟ್ಯೂನರ್‌ನ (ತಂತಿಯ ಬುಡದಲ್ಲಿರುವ, ಶ್ರುತಿಯನ್ನು ಸೂಕ್ಷ್ಮವಾಗಿ ಸರಿಪಡಿಸುವ ಸಾಧನ) ತಿರುಪು ಮೊದಲೇ ಪೂರ್ತಿ ಸಡಿಲವಾಗಿದ್ದರೆ ಇಳಿಸಲು ಜಾಗವೇ ಇರದು. ಕಛೇರಿಗೆ ಮುಂಚೆಯೇ ಬಿರಡೆಯಿಂದ ಶ್ರುತಿ ಮಾಡಿ ತಿರುಪನ್ನು ನಡುಮಧ್ಯ ಇಟ್ಟುಕೊಳ್ಳಬೇಕು. ಮುಂದಿನ ಕೃತಿಗೆ ಮಾಮೂಲಿ ಶ್ರುತಿ ಬೇಕಾದರೆ, ಮೊದಲೇ ಇಳಿಸಿಟ್ಟ ಇನ್ನೊಂದು ಪಿಟೀಲು ಬಳಸುವುದೇ ಕ್ಷೇಮ.