ಮೊದಲು ಮಾಯವಾಗಿದ್ದು ಕರೆಂಟು

ಶಿರಸಿ ಕಡೆ ಆಷಾಢದಲ್ಲಿ ಸಿನಿಮಾ ನೋಡುವುದೆಂದರೆ ಅರ್ಧ ನೋಡುವುದು, ಇನ್ನರ್ಧ ಊಹಿಸುವುದು. ಎಲ್ಲೋ ಲೈನಿನ ಮೇಲೆ ಮರ ಬಿದ್ದರೆ ಕರೆಂಟಿಲ್ಲ. ಕರೆಂಟಿದ್ದರೆ ಡಿಶ್ ಸಿಗ್ನಲ್ ಇಲ್ಲ. ಇಂಥ ರಾತ್ರಿ ಟಿವಿಯಲ್ಲಿ ‘ದಿ ಇಲ್ಯೂಷನಿಸ್ಟ್’ ಬರುತ್ತಿತ್ತು.

2006ರ ಸಿನಿಮಾ. ಕಥೆ ಮಾತ್ರ ನೂರು ವರ್ಷ ಹಿಂದಿನ ವಿಯೆನ್ನಾದ್ದು. ಬಡಗಿಯ ಮಗ ಜಾದೂಗಾರನಾಗಿ ಹೆಸರು ಮಾಡಿದ್ದಾನೆ. ಚಿಕ್ಕಂದಿನಲ್ಲಿ ಪ್ರೀತಿಸಿದ ದೊಡ್ಡ ಮನೆಯ ಹುಡುಗಿ ಈಗ ಯುವರಾಜನನ್ನು ಮದುವೆಯಾಗುವುದರಲ್ಲಿದ್ದಾಳೆ. ನಡುವೆ ಒಬ್ಬ ಇನ್ಸ್‌ಪೆಕ್ಟರ್. ನಾನು ಆರಾಮಾಗಿ ಕಾಲು ಚಾಚಿದೆ. ಅತ್ತೆ, ಮಾವ ಬಂದು ಕುಳಿತರು. ಇಂಗ್ಲಿಷ್ ಮಾತಿಗೆ ಕನ್ನಡ ಹೇಳುವ ಕೆಲಸ ನನ್ನ ತಲೆಗೆ ಬಂತು.

ಸಿನಿಮಾದ ತುಂಬ ಮಬ್ಬು ಹಳದಿ ಬೆಳಕು. ಹಳೇ ಫೋಟೊದ ಹಾಗೆ ಕಾಣಲಿ ಅಂತ ಬೇಕೆಂದೇ ಹಾಗೆ ತೆಗೆದಿದ್ದಾರೆ. ಅತ್ತೆಗೆ ಅದು ಹಿಡಿಸಲಿಲ್ಲ. “ವೋಲ್ಟೇಜ್ ಇಲ್ಲೆ ಕಾಣ್ತು ತಂಗಿ” ಎಂದು ಎದ್ದು ಸ್ಟೆಬಿಲೈಸರ್‌ಗೆ ಎರಡು ತಟ್ಟಿದರು. ಕೆಲವು ದೃಶ್ಯಗಳು ಮುಗಿಯುವಾಗ ಮೂಕಿ ಚಿತ್ರಗಳ ಹಾಗೆ ಸುತ್ತಲಿಂದ ಕತ್ತಲು ಮುಚ್ಚಿಕೊಂಡು ಬರುತ್ತದೆ. ಹಾಗಾದಾಗೆಲ್ಲ ಮಾವ “ಹೋತು!” ಎನ್ನುತ್ತಾ ಟಾರ್ಚ್ ಹುಡುಕುತ್ತಿದ್ದರು.

ಅಷ್ಟರಲ್ಲಿ ಕಿತ್ತಳೆ ಗಿಡದ ಜಾದೂ ಬಂತು. ಕುಂಡಕ್ಕೆ ಬೀಜ ಹಾಕುತ್ತಾನೆ. ನೋಡನೋಡುತ್ತ ಗಿಡ ಎದ್ದು ಹಣ್ಣು ಬಿಡುತ್ತದೆ. ಮಾವ ಟಾರ್ಚ್ ಕೆಳಗಿಟ್ಟರು. ಮಳೆ ಬಿಡದೆ ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಸಲಾಗಿರಲಿಲ್ಲ, ಮರ ಹತ್ತುವ ಕೊನೆಗೌಡನೂ ಬಂದಿರಲಿಲ್ಲ. ವಾರದಿಂದ ಮುಖ ಗಂಟಿಕ್ಕಿಕೊಂಡೇ ಇದ್ದರು. “ಅಡಕೆ ಸಸಿಗೂ ಇಂವ ಹಿಂಗೇ ಮಾಡ್ತ್ನಾ?” ಎಂದು ಕೇಳಿದರು.

ಇದು ಸುಮ್ನೆ ಹುಟ್ಟಿಸಿದ್ದಲ್ಲ ಮಾವ, ಎಂದೆ. 19ನೇ ಶತಮಾನದಲ್ಲಿ ಫ್ರಾನ್ಸಿನ ರಾಬರ್ಟ್ ಹೂಡಿನ್ ಇಂಥ ಗಿಡವನ್ನು ನಿಜಕ್ಕೂ ರಂಗದ ಮೇಲೆ ತೋರಿಸುತ್ತಿದ್ದ. ಮೂಲತಃ ಗಡಿಯಾರದ ಕೆಲಸದವನು. ಗಿಡದೊಳಗೆಲ್ಲ ಯಂತ್ರದ ಕರಾಮತ್ತು. ಆದರೆ ಹಣ್ಣಿನಲ್ಲಿ ಒಂದು ಬಿಟ್ಟು ಉಳಿದದ್ದೆಲ್ಲ ಅಸಲಿ, ಕಿತ್ತು ಜನರಿಗೇ ಕೊಡುತ್ತಿದ್ದ. “ಒಂದೇ ನಕಲಿಯಾ? ಹಂಗಾರೆ ಅಡ್ಡಿಲ್ಲೆ” ಎಂದರು ಮಾವ. ಅಡಿಕೆ ಮಾರುಕಟ್ಟೆ ನೋಡಿದವರ ಲೆಕ್ಕ ಅದು.

ಮುಂದೆ ಹುಡುಗಿ ಹೆಣವಾಗಿ ಸಿಗುತ್ತಾಳೆ. ಜಾದೂಗಾರ ಖಾಲಿ ರಂಗದ ಮೇಲೆ ಕುಳಿತು ಸತ್ತವರನ್ನು ಕರೆಸತೊಡಗುತ್ತಾನೆ. ಅವಳ ರೂಪ ಮೂಡುತ್ತಿದ್ದ ಹಾಗೇ ಪರದೆ ಕಪ್ಪಾಯಿತು. ಈ ಸಲ ಯಾರೂ “ಹೋತು” ಅನ್ನಲಿಲ್ಲ. ಎಲ್ಲರೂ ಉಸಿರು ಬಿಗಿಹಿಡಿದು ಕತ್ತಲನ್ನೇ ನೋಡುತ್ತ ಕುಳಿತೆವು. ಅತ್ತೆ ಕೈ ಬೇರೆ ಮುಗಿದಿದ್ದರಂತೆ. ಕೊನೆಗೆ ಸೊಳ್ಳೆ ಕಚ್ಚಿ ಮೇಲೆ ನೋಡಿದರೆ ಫ್ಯಾನೂ ನಿಂತಿತ್ತು!

ಕರೆಂಟು ಬಂದು, ಡಿಶ್ ಸಿಗ್ನಲ್ ಹುಡುಕಿ ಮುಗಿಸುವ ಹೊತ್ತಿಗೆ ಇನ್ಸ್‌ಪೆಕ್ಟರ್ ರೈಲ್ವೆ ಸ್ಟೇಷನ್ನಿನಲ್ಲಿ ನಿಂತು ಒಬ್ಬನೇ ನಗುತ್ತಿದ್ದ. ಯಾಕೆ ನಗುತ್ತಾನೆ ಅಂತ ನನಗೂ ಗೊತ್ತಾಗಲಿಲ್ಲ. “ಅದು ಸತ್ತಿದ್ದಿಲ್ಲೆ. ಇಬ್ರೂ ಸೇರಿ ಮಾಡಿದ ಆಟ” ಎಂದು ಅತ್ತೆ ಎಲೆಗೆ ಸುಣ್ಣ ಹಚ್ಚುತ್ತ ತೀರ್ಪು ಕೊಟ್ಟರು. ರಾತ್ರಿಯಿಡೀ ಯಕ್ಷಗಾನ ನೋಡಿದ ಕಣ್ಣು, ಸುಮ್ನೆ ಅಲ್ಲ. ಆಮೇಲೆ ಮೊಬೈಲಿನಲ್ಲಿ ನೋಡಿದರೆ ಅಕ್ಷರಶಃ ಅದೇ!

ಮರುದಿನ ಮಳೆ ಹೊಳವಾಗಿ ಕೊನೆಗೌಡ ಬಂದ. ಮಾವ ಅಂಗಳದಲ್ಲೇ ಅವನಿಗೆ ಕಿತ್ತಳೆ ಗಿಡದ ಕಥೆ ಹೇಳಿದರು. ಬೀಜ ಹಾಕಿದ ಕೂಡಲೇ ಹಣ್ಣು, ಮರ ಹತ್ತುವ ರಗಳೆಯೇ ಇಲ್ಲ ಎಂದು ಒತ್ತಿ ಒತ್ತಿ ಹೇಳಿದರು. ಅವನು ಪೂರ್ತಿ ಕೇಳಿಸಿಕೊಂಡು, “ಅದಿರ್ಲಿ ಹೆಗಡೇರೆ, ಆ ಊರಲ್ಲಿ ಮರ ಹತ್ತೋರಿಗೆ ದಿನಕ್ಕೆ ಎಷ್ಟು ಕೊಡ್ತಾರಂತೆ?” ಎಂದ.