ಟಾಮ್ಸ್ ಪಾದರಕ್ಷೆ: ಬೆಲೆಯೇ ದೇಣಿಗೆಯಲ್ಲ

ಟಾಮ್ಸ್ ಪಾದರಕ್ಷೆಗೆ ಕೊಟ್ಟ ಹಣವೆಲ್ಲ ಬಡಮಕ್ಕಳಿಗೇ ಸೇರುತ್ತದೆ, ಬಿಲ್ಲು ತೋರಿಸಿದರೆ ದೇಣಿಗೆಯ ತೆರಿಗೆ ವಿನಾಯಿತಿಯೂ ಸಿಗುತ್ತದೆ ಎಂಬ ಸಂದೇಶವೊಂದು ಮಂಗಳೂರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದ್ದು, ಎರಡೂ ಮಾತು ಸರಿಯಲ್ಲ. ಬ್ಲೇಕ್ ಮೈಕೋಸ್ಕಿ 2006ರಲ್ಲಿ ಅಮೆರಿಕದಲ್ಲಿ ಆರಂಭಿಸಿದ ಈ ಕಂಪನಿ, ಮಾರಾಟವಾದ ಪ್ರತಿ ಜೋಡಿಗೆ ಇನ್ನೊಂದು ಜೋಡಿಯನ್ನು ಅಗತ್ಯವುಳ್ಳ ಮಗುವಿಗೆ ನೀಡುವುದಾಗಿ ಹೇಳಿ ಹೆಸರಾಯಿತು. ಮುಂದೆ ಆ ಪದ್ಧತಿಯನ್ನು ಕೈಬಿಟ್ಟು, ಲಾಭದ ಮೂರನೇ ಒಂದು ಭಾಗವನ್ನು ತಳಮಟ್ಟದ ಸೇವಾಕಾರ್ಯಗಳಿಗೆ ಕೊಡುವ ಕ್ರಮಕ್ಕೆ ಬಂತು. ಗಮನಿಸಬೇಕಾದದ್ದು ‘ಲಾಭ’ ಎಂಬ ಪದವನ್ನು. ಕಚ್ಚಾವಸ್ತು, ಕೂಲಿ, ಬಾಡಿಗೆ, ಸಾಗಾಟಗಳೆಲ್ಲ ಕಳೆದು ಉಳಿಯುವುದಷ್ಟೇ ಲಾಭ. ಏನೂ ಉಳಿಯದ ವರ್ಷಗಳೂ ಉಂಟೆಂಬುದನ್ನು ಹಂಪನಕಟ್ಟೆಯ ಯಾವ ವ್ಯಾಪಾರಿಗೂ ವಿವರಿಸಬೇಕಿಲ್ಲ. ಹಾಗೆಂದು ಇದನ್ನು ಮೋಸವೆನ್ನುವುದೂ ಅನ್ಯಾಯವೇ. ಇನ್ನು ತೆರಿಗೆಯ ಮಾತು: ಅಂಗಡಿಯ ಬಿಲ್ಲು ಖರೀದಿಯ ದಾಖಲೆಯೇ ಹೊರತು ದೇಣಿಗೆಯ ರಸೀದಿಯಲ್ಲ.